ಒಂದೇ ಬಾಗಿಲಿನ ದ್ವೀಪಗಳು: ವಂಡೂರಿನ ಸಾಗರ ಉದ್ಯಾನಕ್ಕೆ ನಾವು 24 ಮಂದಿ ಹೋಗುವುದು ಸರಿಯೇ?

ಅಮಾನಿಕೆರೆ ನಡಿಗೆಗಾರ (ತುಮಕೂರು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ದಿನವೂ ಬೆಳಿಗ್ಗೆ ನಡೆಯುವ ನಮ್ಮ ಬಳಗದಲ್ಲಿ 24 ಮಂದಿ ಇದ್ದೇವೆ. ಹೆಚ್ಚಿನವರು ನಿವೃತ್ತರು, ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಬರುವ ಫೆಬ್ರವರಿಯಲ್ಲಿ ಅಂಡಮಾನಿಗೆ ಹೋಗಿಬರಬೇಕೆಂದು ಬಳಗ ತೀರ್ಮಾನಿಸಿದೆ. ದೇವನಹಳ್ಳಿಯಿಂದ ನೇರ ವಿಮಾನವಿದೆ, ಬಹುತೇಕ ಎಲ್ಲರೂ ಹಣವನ್ನೂ ಹೊಂದಿಸಿಟ್ಟಿದ್ದಾರೆ. ಎಲ್ಲಿಗೆ ಯಾವ ದಿನ ಎಂಬ ಪಟ್ಟಿ ಮಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಆ ಪಟ್ಟಿಯ ಒಂದು ಸಾಲಿನಲ್ಲಿ ನನ್ನ ಲೇಖನಿ ನಿಂತುಬಿಟ್ಟಿದೆ.

ಆ ಸಾಲು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ್ದು. 1983ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ವಿಸ್ತೀರ್ಣ 281.5 ಚದರ ಕಿಲೋಮೀಟರ್. ಅದರೊಳಗೆ 15 ದ್ವೀಪಗಳಿದ್ದರೂ ಪ್ರವಾಸಿಗಳಿಗೆ ತೆರೆದಿರುವುದು ಜಾಲಿಬಾಯ್ ಮತ್ತು ರೆಡ್‌ಸ್ಕಿನ್ ಎಂಬ ಎರಡು ಮಾತ್ರ, ಅವೂ ವರ್ಷದ ಸರಿಸುಮಾರು ಅರ್ಧ ಅರ್ಧ ಭಾಗದಲ್ಲಿ ಸರದಿಯ ಮೇಲೆ. ಓದಿದಾಗ ಇದು ಬಹಳ ಚೆನ್ನಾದ ವ್ಯವಸ್ಥೆಯೆಂದು ತೋರಿತು. ಆದರೆ ನಮ್ಮ ಬಳಗದ ಹಿರಿಯರೊಬ್ಬರು, ಕಳೆದ ವರ್ಷ ಭಾನುವಾರದ ನಸುಕಿನಲ್ಲಿ ನಂದಿಬೆಟ್ಟಕ್ಕೆ ಹೋಗಿ ಕಾರುಗಳ ಸಾಲಿನಲ್ಲೇ ಸೂರ್ಯೋದಯ ಕಳೆದುಕೊಂಡದ್ದನ್ನು ನೆನಪಿಸಿ, "ಅಲ್ಲಿ ಬೆಟ್ಟದ ಮೇಲೆ ಮಾಡಿದ್ದನ್ನೇ ಇಲ್ಲಿ ಹವಳದ ಮೇಲೆ ಮಾಡಿಬರುತ್ತೇವೆ, ಅಷ್ಟೇ" ಎಂದರು. ಅವರ ಮಾತಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಆದ್ದರಿಂದ ನನ್ನ ಪ್ರಶ್ನೆ ನೇರವಾದದ್ದು. ಇಂಥ ದ್ವೀಪಕ್ಕೆ ನಮ್ಮಂಥವರು ಹೋಗುವುದರಿಂದ ಅದರ ಕಾವಲಿಗೆ ನೆರವಾಗುತ್ತದೆಯೋ, ಅಥವಾ ಪರಿಸರ ಪ್ರವಾಸೋದ್ಯಮ ಎಂಬ ಒಳ್ಳೆಯ ಹೆಸರಿನಲ್ಲಿ ನಾವೂ ಅದನ್ನು ಸವೆಸುತ್ತೇವೆಯೋ? ಅಲ್ಲಿದ್ದು ಬಂದವರು, ಜೀವಶಾಸ್ತ್ರ ಬಲ್ಲವರು ತಿಳಿಸಿಕೊಡಬೇಕು. ಹೋಗಬೇಡಿ ಎಂದರೂ ನನಗೆ ಬೇಸರವಿಲ್ಲ.

ತಿಪಟೂರು ತೆಂಗು

ಮೇಷ್ಟ್ರೇ, ನೌಕರಿಯ ವರ್ಗಾವಣೆಯಿಂದಾಗಿ ನಾನು ಮೂರು ವರ್ಷ ಪೋರ್ಟ್ ಬ್ಲೇರಿನಲ್ಲಿದ್ದೆ; 2024ರ ಸೆಪ್ಟೆಂಬರಿನಿಂದ ಅದರ ಹೆಸರು ಶ್ರೀ ವಿಜಯ ಪುರಂ. ಊರಿನಿಂದ ಯಾರೇ ನೆಂಟರು ಬಂದರೂ ವಂಡೂರಿಗೆ ಕರೆದೊಯ್ಯುವ ಕೆಲಸ ನನ್ನದೇ ಆಗಿತ್ತಾದ್ದರಿಂದ ಆ ಜೆಟ್ಟಿಯ ಕಟ್ಟುಪಾಡುಗಳು ನನಗೆ ಬಾಯಿಪಾಠವಾಗಿದ್ದವು.

ಮೊದಲು ಅರಣ್ಯ ಇಲಾಖೆಯ ಅನುಮತಿ ಚೀಟಿ ಪಡೆಯಬೇಕು. ವಂಡೂರು ನಗರದಿಂದ ಸುಮಾರು 30 ಕಿಲೋಮೀಟರ್ ದೂರವಿದೆ. ಜೆಟ್ಟಿಯಲ್ಲಿ ಪ್ರತಿಯೊಬ್ಬರ ಚೀಲವನ್ನೂ ಬಿಚ್ಚಿಸಿ ನೋಡುತ್ತಾರೆ. ಬಿಸ್ಕತ್ತಿನ ಪೊಟ್ಟಣ, ಚಿಪ್ಸು, ಎಸೆಯುವಂಥ ನೀರಿನ ಬಾಟಲಿ, ಪ್ಲಾಸ್ಟಿಕ್ ಕೈಚೀಲ ಇವೆಲ್ಲ ಅಲ್ಲೇ ಉಳಿಯಬೇಕು. ನೀರಿಗಾಗಿ ಬಾಟಲಿ ಒಯ್ಯಲೇಬೇಕಾದರೆ ಅದನ್ನು ಎಣಿಸಿ ಠೇವಣಿ ಕಟ್ಟಿಸಿಕೊಳ್ಳುತ್ತಾರೆ. ಹಿಂತಿರುಗುವಾಗ ಅದೇ ಬಾಟಲಿ ತೋರಿಸಿದರೆ ಹಣ ವಾಪಸು. ನನ್ನ ಸೋದರಮಾವ ಒಮ್ಮೆ ಚಕ್ಕುಲಿಯ ಪ್ಲಾಸ್ಟಿಕ್ ಡಬ್ಬಿಗಾಗಿ ಕಾವಲುಗಾರನೊಂದಿಗೆ ಕಾಲು ಗಂಟೆ ವಾದ ಮಾಡಿ ಕೊನೆಗೆ ಎಲ್ಲ ಚಕ್ಕುಲಿಯನ್ನೂ ಟವಲಿನಲ್ಲಿ ಗಂಟು ಕಟ್ಟಿಕೊಂಡು ದೋಣಿ ಹತ್ತಿದ್ದರು.

ಅಲ್ಲಿಂದ ಸುಮಾರು ಒಂದು ಗಂಟೆಯ ಪಯಣ. ಮೊದಲಿಗೆ ಎರಡೂ ಬದಿ ಮ್ಯಾಂಗ್ರೋವ್ ಕಾಡಿರುವ ಇಕ್ಕಟ್ಟಾದ ಹಿನ್ನೀರಿನಲ್ಲಿ ಸಾಗಿ, ಆಮೇಲೆ ದ್ವೀಪಗಳ ನಡುವಿನ ತೆರೆದ ನೀರಿಗೆ ಬರುತ್ತೀರಿ. ಜಾಲಿಬಾಯ್‌ನಲ್ಲಿ ದೊಡ್ಡ ದೋಣಿ ದಡ ಮುಟ್ಟುವುದಿಲ್ಲ. ಗಾಜಿನ ತಳವಿರುವ ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಆ ಕೆಲವು ನಿಮಿಷಗಳಲ್ಲೇ ಕಾಲ ಕೆಳಗೆ ಹವಳ, ಬಣ್ಣದ ಮೀನು, ಕಡಲ ಸೌತೆ ಎಲ್ಲ ಕಾಣಲು ಆರಂಭವಾಗುತ್ತದೆ. ದ್ವೀಪದಲ್ಲಿ ಜನವಸತಿಯಿಲ್ಲ, ಅಂಗಡಿಯಿಲ್ಲ, ರಾತ್ರಿ ಉಳಿಯಲು ಅವಕಾಶವಿಲ್ಲ. ವಾರಕ್ಕೊಂದು ದಿನ ಬಾಗಿಲು ಮುಚ್ಚಿರುತ್ತದೆ. ನವೆಂಬರಿನಿಂದ ಮೇ ವರೆಗೆ ಸಾಮಾನ್ಯವಾಗಿ ಜಾಲಿಬಾಯ್, ಉಳಿದ ತಿಂಗಳುಗಳಲ್ಲಿ ರೆಡ್‌ಸ್ಕಿನ್ ತೆರೆದಿರುತ್ತವೆ. ಹಾಗಾಗಿ ಫೆಬ್ರವರಿಯಲ್ಲಿ ನಿಮಗೆ ಸಿಗುವುದು ಜಾಲಿಬಾಯ್.

ನಿಮ್ಮ ಹಿರಿಯರು ನಂದಿಬೆಟ್ಟದೊಂದಿಗೆ ಹೋಲಿಸಿದ್ದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೆಟ್ಟಕ್ಕೆ ನೂರು ದಾರಿ. ರಸ್ತೆಯಲ್ಲಿ ಗೇಟು ಹಾಕಿದರೆ ಹಿಂಬದಿಯಿಂದ ಹತ್ತಿ ಬರುತ್ತಾರೆ. ದ್ವೀಪಕ್ಕಿರುವುದು ಒಂದೇ ಬಾಗಿಲು, ಅದು ಜೆಟ್ಟಿ. ಆ ಬಾಗಿಲಲ್ಲಿ ಗಟ್ಟಿಯಾಗಿ ನಿಂತವನೊಬ್ಬನಿದ್ದರೆ ಒಳಗೆ ಹತ್ತು ಜನ ಕಾವಲುಗಾರರು ಬೇಕಿಲ್ಲ. ಜಾಲಿಬಾಯ್‌ನ ಮರಳಿನಲ್ಲಿ ನಾನು ಪ್ರವಾಸಿಗಳ ಕಸ ಕಂಡದ್ದು ಬಹಳ ಕಡಿಮೆ. ಕಂಡದ್ದೆಲ್ಲ ಅಲೆಯೊಂದಿಗೆ ದೂರದಿಂದ ತೇಲಿ ಬಂದದ್ದು, ಅದರ ಮೇಲಿನ ಅಕ್ಷರಗಳೇ ಬೇರೆ ದೇಶದವು.

ಹೋಗಿ ಬನ್ನಿ ಎಂದೇ ನನ್ನ ಸಲಹೆ.

ಶಿರಾ ಸೀಮೆ

ಪರಿಸರ ಪ್ರವಾಸೋದ್ಯಮ ಎನ್ನುವುದು ಬರೀ ಫಲಕದ ಮೇಲಿನ ಬಣ್ಣ. ವಿಮಾನದಲ್ಲಿ ಹೋಗಿ, ಡೀಸೆಲ್ ದೋಣಿಯಲ್ಲಿ ಕೂತು, ಹವಾನಿಯಂತ್ರಿತ ಕೋಣೆಯಲ್ಲಿ ಮಲಗಿ ಬಂದು, ಚಕ್ಕುಲಿಯನ್ನು ಟವಲಿನಲ್ಲಿ ಕಟ್ಟಿಕೊಂಡೆವು ಎಂದು ಹೆಮ್ಮೆಪಡುವುದರಲ್ಲಿ ಏನರ್ಥ? ನಮ್ಮ ಕಗ್ಗಲಡುವಿನಲ್ಲಿ ಊರಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವು ಉಳಿದಿರುವುದು ಪ್ರವಾಸಿಗಳ ದುಡ್ಡಿನಿಂದಲ್ಲ, ಊರಿನವರು ಅವನ್ನು ಮನೆಯ ಮಕ್ಕಳಂತೆ ನೋಡಿಕೊಂಡಿರುವುದರಿಂದ. ಮನೆಯ ಪಕ್ಕದ ಹಕ್ಕಿಯನ್ನು ನೋಡದವರಿಗೆ ಸಮುದ್ರದಾಚೆಯ ಹವಳದ ಚಿಂತೆ ಏಕೆ?

ಕೊರಟಗೆರೆ ಸುವರ್ಣಮುಖಿ

ಮೇಷ್ಟ್ರೇ, ನಾನು ನಿಮ್ಮ ಶಾಲೆಯಲ್ಲಿ ಓದಿದವಳಲ್ಲ, ಆದರೂ ಹಾಗೆಯೇ ಕರೆಯುತ್ತೇನೆ. ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ತಿಪಟೂರಿನವರು ಹೇಳಿದ "ಒಂದೇ ಬಾಗಿಲು" ಎಂಬ ಮಾತು ನನಗೆ ಬಹಳ ಹಿಡಿಸಿತು, ಏಕೆಂದರೆ ದ್ವೀಪಗಳ ಜೀವವೈವಿಧ್ಯದ ಕಥೆಯೆಲ್ಲ ಇರುವುದು ಆ ಬಾಗಿಲಿನಲ್ಲೇ. ಆದರೆ ಆ ಬಾಗಿಲಿನಿಂದ ಒಳಗೆ ಹೋದದ್ದು ಬಿಸ್ಕತ್ತಿನ ಪೊಟ್ಟಣ ಮಾತ್ರವಲ್ಲ.

ಅಂಡಮಾನ್ ದ್ವೀಪಗಳು ಭಾರತದ ನೆಲಕ್ಕೆ ಅಂಟಿಕೊಂಡಿದ್ದು ಬೇರ್ಪಟ್ಟವಲ್ಲ. ಹಾಗಾಗಿ ಹಾರಿ ಬಂದವು, ಈಜಿ ಬಂದವು, ಮರದ ದಿಮ್ಮಿಯ ಮೇಲೆ ತೇಲಿ ಬಂದವು, ಇವಷ್ಟೇ ಅಲ್ಲಿ ನೆಲೆನಿಂತವು. ಅಲ್ಲಿನ ಮೂಲ ಸಸ್ತನಿಗಳಲ್ಲಿ ಹೆಚ್ಚಿನವು ಬಾವಲಿಗಳು, ಇಲಿಗಳು. ಹುಲಿಯಿಲ್ಲ, ಚಿರತೆಯಿಲ್ಲ, ಜಿಂಕೆಯೂ ಇರಲಿಲ್ಲ. ಬಂದವು ಬೇರೆಯವರ ಸಂಪರ್ಕವಿಲ್ಲದೆ ಸಾವಿರಾರು ತಲೆಮಾರು ಕಳೆದು ತಮ್ಮದೇ ಬಗೆಯಾದವು: ಅಂಡಮಾನ್ ಕಾಡುಪಾರಿವಾಳ, ಅಂಡಮಾನ್ ಹಾವುಗಿಡುಗ, ಅಂಡಮಾನ್ ಮರಕುಟಿಗ. ನಾರ್ಕೊಂಡಮ್ ಎಂಬ ಏಳು ಚದರ ಕಿಲೋಮೀಟರಿಗೂ ಚಿಕ್ಕದಾದ ಜ್ವಾಲಾಮುಖಿ ದ್ವೀಪದಲ್ಲಿರುವ ಮಂಗಟ್ಟೆ ಹಕ್ಕಿಯ ಜಾತಿ ಇಡೀ ಭೂಮಿಯಲ್ಲಿ ಬೇರೆಲ್ಲೂ ಇಲ್ಲ. ದ್ವೀಪ ಚಿಕ್ಕದಾದಷ್ಟೂ, ನೆಲದಿಂದ ದೂರವಾದಷ್ಟೂ ಅಲ್ಲಿ ನಿಲ್ಲುವ ಜಾತಿಗಳ ಸಂಖ್ಯೆ ಕಡಿಮೆ, ಅಳಿಯುವ ಸಾಧ್ಯತೆ ಹೆಚ್ಚು ಎಂದು ಜೀವವಿಜ್ಞಾನಿಗಳಾದ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ 1967ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ.

ಇನ್ನು ಬಾಗಿಲಿನ ಮಾತು. ನಮ್ಮ ನಾಮದ ಚಿಲುಮೆಗೆ ಶಾಲೆಯ ಪ್ರವಾಸ ಹೋದವರೆಲ್ಲ ಅಲ್ಲಿನ ಬೇಲಿಯಾಚೆಯ ಚುಕ್ಕೆ ಜಿಂಕೆಗಳನ್ನು ನೋಡಿ ನಲಿದವರೇ. ಅದೇ ಚುಕ್ಕೆ ಜಿಂಕೆಯನ್ನು ಬ್ರಿಟಿಷರು ಅಂಡಮಾನಿಗೆ ಹಡಗಿನಲ್ಲಿ ಒಯ್ದು ಬಿಟ್ಟರು. ಬೇಟೆಯಾಡುವ ಪ್ರಾಣಿಯಿಲ್ಲದ ಕಾಡಿನಲ್ಲಿ ಅದು ದ್ವೀಪದಿಂದ ದ್ವೀಪಕ್ಕೆ ಈಜಿ ಹಬ್ಬಿತು. ಮೊಳಕೆಗಳನ್ನೂ ಎಳೆಯ ಸಸಿಗಳನ್ನೂ ಮೇಯ್ದು ಕಾಡು ಮತ್ತೆ ಚಿಗುರದಂತೆ ಮಾಡುತ್ತಿದೆ. ನೆಲದ ಹೊದಿಕೆ ತೆಳುವಾದಲ್ಲಿ ಅದನ್ನು ನಂಬಿದ ಹಲ್ಲಿಗಳೂ ಕಡಿಮೆಯಾಗಿವೆ. ನೀವು ನೋಡಲಿರುವ ರಾಸ್ ದ್ವೀಪದಲ್ಲಿ, ಅಂದರೆ ಈಗಿನ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪದಲ್ಲಿ, ಪ್ರವಾಸಿಗಳು ಜಿಂಕೆಗೆ ಕೈಯಾರೆ ತಿನ್ನಿಸಿ, ಅಂಡಮಾನಿನ ವನ್ಯಜೀವಿಯೊಂದಿಗೆ ಎಂದು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದು ಅಂಡಮಾನಿನ ವನ್ಯಜೀವಿಯಲ್ಲ. ನಮ್ಮ ಕಡೆಯಿಂದ ಹೋದ ನೆಂಟ, ಎದ್ದು ಹೋಗದ ನೆಂಟ.

ಆನೆಯದೂ ಇಂಥದೇ ಕಥೆ. ಮರದ ವ್ಯಾಪಾರಕ್ಕೆಂದು ಇಂಟರ್‌ವ್ಯೂ ದ್ವೀಪಕ್ಕೆ ಒಯ್ದಿದ್ದ ಸುಮಾರು 40 ಆನೆಗಳನ್ನು 1962ರ ಹೊತ್ತಿಗೆ ವ್ಯಾಪಾರ ನಿಂತಾಗ ಅಲ್ಲೇ ಬಿಟ್ಟುಬಂದರು. ಈಚಿನ ಅತಿಥಿಯಂತೂ ನಮಗೆ ಇನ್ನೂ ಪರಿಚಿತ. ಮೊದಲ ಮಳೆ ಬಿದ್ದ ರಾತ್ರಿ ನಮ್ಮ ಕೆರೆಗಳಲ್ಲಿ ಗಂಡುಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿ ಕೂಗುತ್ತವಲ್ಲ, ಆ ದೊಡ್ಡ ಕಪ್ಪೆ. ಸಾಕುವ ಮೀನಿನ ಮರಿಗಳ ಜೊತೆಗೆ ಅದರ ಗೊದಮೊಟ್ಟೆಗಳೂ ಅಂಡಮಾನ್ ಸೇರಿ ಈಗ ಅಲ್ಲಿನ ಸಣ್ಣ ಕಪ್ಪೆಗಳ ಗೊದಮೊಟ್ಟೆಗಳನ್ನು ತಿಂದುಹಾಕುತ್ತಿವೆ. ನಮ್ಮ ಕೆರೆಯಲ್ಲಿ ಅದು ಸಾಧು, ಅಲ್ಲಿ ಕೊಲೆಗಾರ.

ಪ್ರವಾಸಿ ತನ್ನ ಕಣ್ಣಿಗೆ ಕಾಣುವ ಕಸವನ್ನು ಹಿಂದಕ್ಕೆ ತಂದರೆ ಸಾಲದು, ತಿಳಿಯದೆ ಒಯ್ಯುವುದರ ಬಗ್ಗೆಯೂ ಎಚ್ಚರವಿರಬೇಕು. ಈಕ್ವೆಡಾರಿನ ಗಲಾಪಗೋಸ್ ರಾಷ್ಟ್ರೀಯ ಉದ್ಯಾನದಲ್ಲಿ ಇದನ್ನು ಬಹಳ ಕಟ್ಟುನಿಟ್ಟಾಗಿ ಮಾಡುತ್ತಾರೆ. ವಿಮಾನ ಹತ್ತುವ ಮೊದಲೇ ಸಾಮಾನುಗಳ ತಪಾಸಣೆ, ಹಣ್ಣು ಬೀಜಗಳಿಗೆ ತಡೆ, ಒಬ್ಬ ಮಾರ್ಗದರ್ಶಿಗೆ ಹದಿನಾರಕ್ಕಿಂತ ಹೆಚ್ಚು ಜನರಿರಬಾರದು, ಪ್ರಾಣಿಯಿಂದ ಎರಡು ಮೀಟರ್ ದೂರ. 2024ರ ಆಗಸ್ಟ್‌ನಿಂದ ಹೊರದೇಶದವರ ಪ್ರವೇಶ ಶುಲ್ಕವನ್ನೂ 100 ಡಾಲರಿನಿಂದ 200 ಡಾಲರಿಗೆ ಏರಿಸಿದ್ದಾರೆ. ಹಿಂದೆ ಬಿಟ್ಟ ಮೇಕೆಗಳಿಂದ ಆಮೆಗಳ ಮೇವು ಹಾಳಾಗಿ, ಆ ಮೇಕೆಗಳನ್ನು ತೆಗೆಯಲು ಅವರು ವರ್ಷಗಟ್ಟಲೆ ಹೆಣಗಬೇಕಾಯಿತು. ಬಾಗಿಲಲ್ಲಿ ತಡೆಯುವುದು ಅಗ್ಗ, ಒಳಗಿನಿಂದ ಹೊರಹಾಕುವುದು ಬಹಳ ದುಬಾರಿ ಎಂದು ಅವರು ಕಲಿತದ್ದು ಹೀಗೆ.

ಗೌರಿಬಿದನೂರು ಪಯಣ

ನಾನು ಸಣ್ಣ ಪ್ರಮಾಣದಲ್ಲಿ ಪ್ರವಾಸ ಏರ್ಪಡಿಸುವವನು. ವರ್ಷಕ್ಕೆರಡು ತಂಡಗಳನ್ನು ಅಂಡಮಾನಿಗೆ ಕರೆದೊಯ್ಯುತ್ತೇನೆ. ಶಿರಾದವರ ಮಾತು ಖಾರವಾಗಿದ್ದರೂ ಅದರಲ್ಲಿ ಹುರುಳಿದೆ. ಆದರೆ ನನ್ನ ಅನುಭವದಲ್ಲಿ ಹಾನಿ ಹೆಚ್ಚಾಗಿ ಆಗುವುದು ರಾಷ್ಟ್ರೀಯ ಉದ್ಯಾನದ ಒಳಗಲ್ಲ, ಅದರ ಹೊರಗೆ.

ಜಾಲಿಬಾಯ್‌ನಲ್ಲಿ ಜನರ ಸಂಖ್ಯೆಗೆ ಮಿತಿಯಿದೆ, ಕಟ್ಟುಪಾಡಿದೆ. ಆ ಮಿತಿಯಿಂದಾಗಿ ಚೀಟಿ ಸಿಗದವರೆಲ್ಲ ನಾರ್ತ್ ಬೇ ಕಡೆಗೋ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚಿಗೋ ಹೋಗುತ್ತಾರೆ. (ಹಳೆಯ ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನಮರಗಳ ನಡುವೆ ದೀಪಸ್ತಂಭ ಕಾಣುವ ಚಿತ್ರವಿತ್ತಲ್ಲ, ಅದೇ ನಾರ್ತ್ ಬೇ.) ಅಲ್ಲಿ ತಲೆಗೆ ಗಾಜಿನ ಹೆಲ್ಮೆಟ್ ಹಾಕಿಸಿ ಸಮುದ್ರದ ತಳದಲ್ಲಿ ನಡೆಸುತ್ತಾರೆ, ಸ್ಕೂಟರಿನಂಥ ದೋಣಿ ಓಡಿಸಲು ಕೊಡುತ್ತಾರೆ. ಈಜು ಬಾರದ ನಮ್ಮ ಕಡೆಯವರು ಅಲೆ ಬಂದಾಗ ಹೆದರಿ ಕಾಲೂರುವುದು ಹವಳದ ಮೇಲೇ. ನಾನೇ ಒಮ್ಮೆ ಒಂದು ಸಂಸ್ಥೆಯ ಮೂಲಕ ತಂಡ ಕಳುಹಿಸಿದ್ದೆ; ನೀರಿಗಿಳಿಸುವ ಮೊದಲು ಹವಳವನ್ನು ಮೆಟ್ಟಬಾರದೆಂಬ ಒಂದು ಮಾತನ್ನೂ ಅವರು ಹೇಳಿರಲಿಲ್ಲ. ಚಿತ್ರ ಚೆನ್ನಾಗಿ ಬರಲೆಂದು ಮೀನುಗಳಿಗೆ ಬ್ರೆಡ್ಡಿನ ಚೂರು ಎಸೆಯುತ್ತಿದ್ದರಂತೆ. ಅಂದಿನಿಂದ ಆ ಸಂಸ್ಥೆಯನ್ನು ಬಿಟ್ಟೆ.

ದೂರದ ಮಾತೇಕೆ, ಮುರ್ಡೇಶ್ವರದ ಎದುರಿನ ನಮ್ಮದೇ ನೇತ್ರಾಣಿಯಲ್ಲೂ ಡೈವಿಂಗಿಗೆ ಜನ ಮುಗಿಬೀಳುತ್ತಾರೆ. ಒಂದು ತಾಣಕ್ಕೆ ಮಿತಿ ಹಾಕಿ ಪಕ್ಕದ ತಾಣವನ್ನು ಹಾಗೇ ಬಿಟ್ಟರೆ ಭಾರ ಜಾಗ ಬದಲಿಸುತ್ತದೆ, ಅಷ್ಟೇ. ಮೇಷ್ಟ್ರು ಪಟ್ಟಿ ಮಾಡುವಾಗ ಜಾಲಿಬಾಯ್ ಸಾಲಿನ ಬಳಿ ನಿಂತರಂತೆ. ಅವರು ನಿಲ್ಲಬೇಕಾದದ್ದು ಅದರ ಮುಂದಿನ ಸಾಲಿನ ಬಳಿ ಎಂದು ನನ್ನ ಅನಿಸಿಕೆ.

ಅಮಾನಿಕೆರೆ ನಡಿಗೆಗಾರ (ತುಮಕೂರು)

ಪಟ್ಟಿ ತೆಗೆದು ನೋಡಿದೆ. ಮುಂದಿನ ಸಾಲಿನಲ್ಲಿ ನಾರ್ತ್ ಬೇ ಇದೆ, "ಸಮುದ್ರದ ತಳದ ನಡಿಗೆ, 24 ಜನ" ಎಂದು ನನ್ನದೇ ಅಕ್ಷರದಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಈಜು ಬಲ್ಲವರು ಮೂವರು.

ಇನ್ನೊಂದು ಸಂಶಯ. ಆರು ತಿಂಗಳು ಒಂದು ದ್ವೀಪ, ಆರು ತಿಂಗಳು ಇನ್ನೊಂದು ಎಂಬ ಸರದಿಯಿಂದ ಹವಳ ಚೇತರಿಸಿಕೊಳ್ಳುತ್ತದೆಯೇ? ನಮ್ಮ ಹೊಲಗಳನ್ನು ಒಂದು ಬೆಳೆಗೆ ಬೀಳು ಬಿಡುತ್ತಿದ್ದೆವಲ್ಲ, ಹಾಗೆ?

ಕೊರಟಗೆರೆ ಸುವರ್ಣಮುಖಿ

ಬೀಳು ಬಿಟ್ಟ ಹೊಲ ಒಂದು ವರ್ಷಕ್ಕೆ ಎದ್ದು ನಿಲ್ಲುತ್ತದೆ, ಹವಳ ಹಾಗಲ್ಲ ಮೇಷ್ಟ್ರೇ. ಗುಂಡುಕಲ್ಲಿನಂತೆ ಬೆಳೆಯುವ ಹವಳಗಳು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತವೆ. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಜಾತಿಗಳು ಹತ್ತು ಸೆಂಟಿಮೀಟರ್ ಬೆಳೆಯಬಲ್ಲವು, ಮುರಿಯುವುದೂ ಅವೇ ಮೊದಲು. ಒಬ್ಬರು ಅರ್ಧ ನಿಮಿಷ ನಿಂತು ಮುರಿದದ್ದನ್ನು ಆರು ತಿಂಗಳ ಬಿಡುವು ಸರಿಪಡಿಸಲಾರದು. ಸರದಿಯಿಂದ ಆಗುವ ಲಾಭ ಬೇರೆ: ಕದಡಿದ ನೀರು ತಿಳಿಯಾಗುತ್ತದೆ, ದೋಣಿಗಳ ಓಡಾಟ ನಿಲ್ಲುತ್ತದೆ, ಮರಿ ಹವಳ ಕಲ್ಲಿಗೆ ಅಂಟಿಕೊಳ್ಳಲು ಸ್ವಲ್ಪ ನೆಮ್ಮದಿ ಸಿಗುತ್ತದೆ. ಅದು ಒಳ್ಳೆಯದೇ, ಆದರೆ ಅದನ್ನೇ ಔಷಧವೆಂದು ತಿಳಿಯಬಾರದು.

ಮುಖ್ಯ ಪೆಟ್ಟು ಬೀಳುವುದು ಬಿಸಿಯಿಂದ. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬಣ್ಣ ಕೊಡುವವೂ ಅವೇ, ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುವವೂ ಅವೇ. ನೀರು ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಬದುಕುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. ಅಂಡಮಾನಿನಲ್ಲಿ 1998ರಲ್ಲಿ, ಮತ್ತೆ 2010ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಗಿದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕೆಲವು ದಡಗಳು ಮೇಲೆದ್ದು, ಹವಳದ ದಿಬ್ಬಗಳು ನೀರಿನಿಂದ ಹೊರಗೆ ಬಂದು ಒಣಗಿದವು. ಭೂಕಂಪಕ್ಕೆ ಯಾರನ್ನೂ ದೂರುವಂತಿಲ್ಲ. ಬಿಸಿನೀರಿಗೆ ಮಾತ್ರ ದೂರಬಹುದು, ಅದು ಯಾವ ಜೆಟ್ಟಿಯ ಬಾಗಿಲನ್ನೂ ಕೇಳಿ ಒಳಗೆ ಬರುವುದಿಲ್ಲ. ಶಿರಾದವರು ವಿಮಾನ, ಡೀಸೆಲ್ ಎಂದು ಹೇಳಿದ್ದನ್ನು ನಾನು ತಳ್ಳಿಹಾಕಲಾರೆ.

ಮುಳಬಾಗಿಲು ಬಂಡೆ

ದ್ವೀಪವೆಂದರೆ ಸುತ್ತಲೂ ನೀರಿರಬೇಕೆಂದು ಎಲ್ಲರೂ ತಿಳಿದಂತಿದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ನೀರೇ ಇಲ್ಲದ ಒಂದು ದ್ವೀಪವಿದೆ, ಅದರ ಬಗ್ಗೆ ಹೇಳದೆ ಈ ಚರ್ಚೆ ಮುಂದೆ ಹೋಗಬಾರದು.

ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಬಂಡೆಗುಡ್ಡದ ಗುಹೆಯೊಂದರಲ್ಲಿ ಕೋಲಾರ ಎಲೆಮೂಗಿನ ಬಾವಲಿ ವಾಸಿಸುತ್ತದೆ. 1994ರಲ್ಲಿ ವಿಜ್ಞಾನಿಗಳು ಅದನ್ನು ಪ್ರತ್ಯೇಕ ಜಾತಿಯೆಂದು ವಿವರಿಸಿದರು. ಅದು ಉಳಿದಿರುವುದಾಗಿ ತಿಳಿದಿರುವ ನೆಲೆ ಇದೊಂದೇ, ಸಂಖ್ಯೆ ಇನ್ನೂರಕ್ಕೂ ಕಡಿಮೆ. ನಾರ್ಕೊಂಡಮ್‌ನ ಮಂಗಟ್ಟೆಗೆ ಏಳು ಚದರ ಕಿಲೋಮೀಟರ್ ಇದೆಯಂತೆ. ನಮ್ಮ ಬಾವಲಿಗೆ ಇರುವುದು ಒಂದು ಗುಹೆಯ ಚಾವಣಿ. ಸುತ್ತ ಸಮುದ್ರದ ಬದಲು ರಾಗಿ ಹೊಲ, ಟೊಮ್ಯಾಟೊ ತೋಟ, ಗ್ರಾನೈಟ್ ಗಣಿ. ಕಲ್ಲಿಗಾಗಿ ಸಿಡಿಸುತ್ತಿದ್ದ ಕಾಲದಲ್ಲಿ ಇಡೀ ಗುಡ್ಡ ಅದುರುತ್ತಿತ್ತು. ಆಮೇಲೆ ಬಾವಲಿ ಸಂರಕ್ಷಕರೂ ಅರಣ್ಯ ಇಲಾಖೆಯೂ ಸೇರಿ ಗುಹೆಯ ಸುತ್ತಲಿನ ಸುಮಾರು 30 ಎಕರೆಗೆ ರಕ್ಷಣೆ ಒದಗಿಸಿದರು.

ಇಲ್ಲಿಗೆ ಪ್ರವಾಸೋದ್ಯಮ ತರಬೇಕು, ಊರಿಗೆ ದುಡ್ಡು ಬರುತ್ತದೆ ಎಂದು ಹೇಳುವವರು ನಮ್ಮಲ್ಲೂ ಇದ್ದಾರೆ. ಬಾವಲಿಯ ಗುಹೆಗೆ ಹತ್ತು ಜನ ಟಾರ್ಚು ಹಿಡಿದು ನುಗ್ಗಿದರೆ ಏನಾಗುತ್ತದೆ ಎಂದು ಯೋಚಿಸಿ. ಮರಿ ಹೊತ್ತ ತಾಯಿ ಬೆಚ್ಚಿ ಹಾರುತ್ತದೆ, ಮರಿ ಕೆಳಗೆ ಬೀಳುತ್ತದೆ. ಜಾಲಿಬಾಯ್‌ಗೆ ಮಿತಿ ಹಾಕಿ ಜನರನ್ನು ಬಿಡಬಹುದು, ಈ ಗುಹೆಗೆ ಸರಿಯಾದ ಮಿತಿ ಸೊನ್ನೆ. ನನ್ನ ಊರಿನಲ್ಲೇ ಇದ್ದರೂ ನಾನು ಆ ಬಾವಲಿಯನ್ನು ಗುಹೆಯೊಳಗೆ ನೋಡಿಲ್ಲ. ಒಂದು ಸಂಜೆ ದೂರದಲ್ಲಿ ನಿಂತು ಬಾವಲಿಗಳು ಹೊರಬರುವುದನ್ನು ನೋಡಿದೆ. ಅವುಗಳಲ್ಲಿ ಅದು ಯಾವುದೆಂದು ಗೊತ್ತಾಗಲಿಲ್ಲ. ನನಗೆ ಅಷ್ಟು ಸಾಕು.

ಚಿಂತಾಮಣಿ ಹುಣಸೆ

ಇಲ್ಲಿ ಎಲ್ಲರೂ ಬಿಸ್ಕತ್ತಿನ ಪೊಟ್ಟಣ ಎಣಿಸುತ್ತಿದ್ದೀರಿ. ಅದೇ ದ್ವೀಪಸಮೂಹದ ದಕ್ಷಿಣದ ತುದಿಯಲ್ಲಿ ಏನಾಗುತ್ತಿದೆ ಎಂಬುದನ್ನೂ ನೋಡಬೇಕು.

ಗ್ರೇಟ್ ನಿಕೋಬಾರಿನಲ್ಲಿ ಕ್ಯಾಂಪ್‌ಬೆಲ್ ಬೇ ಮತ್ತು ಗಲಾಥಿಯಾ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳಿವೆ, ಎರಡೂ 1992ರವು. ಗಲಾಥಿಯಾ ಕೊಲ್ಲಿಯ ಮರಳಿನಲ್ಲಿ, ಕಡಲಾಮೆಗಳಲ್ಲೇ ಅತಿ ದೊಡ್ಡದಾದ ತೊಗಲು ಬೆನ್ನಿನ ಆಮೆ ಮೊಟ್ಟೆಯಿಡುತ್ತದೆ. ಅಲ್ಲಿದ್ದ ವನ್ಯಜೀವಿಧಾಮದ ಅಧಿಸೂಚನೆಯನ್ನು 2021ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ಹಡಗುಗಳ ಸರಕು ಬದಲಿಸುವ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ ಇವುಗಳಿಗಾಗಿ ಸುಮಾರು 130 ಚದರ ಕಿಲೋಮೀಟರ್ ಕಾಡನ್ನು ಬಳಸುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿಯೂ ದೊರೆಯಿತು. ಕಡಿದ ಮರಗಳಿಗೆ ಬದಲಾಗಿ ಹರಿಯಾಣದಲ್ಲಿ ಗಿಡ ನೆಡುವ ಏರ್ಪಾಡು ಕೂಡ ಅದರಲ್ಲಿದೆ. ಮಳೆಕಾಡಿಗೆ ಬದಲಾಗಿ ಹರಿಯಾಣದ ಗಿಡ!

ದೇಶದ ರಕ್ಷಣೆಗೆ, ವ್ಯಾಪಾರಕ್ಕೆ ಅದು ಬೇಕೆಂದು ವಾದಿಸುವವರ ಮಾತನ್ನೂ ನಾನು ಕೇಳಿದ್ದೇನೆ. ಅದನ್ನು ಇಲ್ಲಿ ತೀರ್ಮಾನಿಸಲಾಗದು. ಆದರೆ 24 ಮಂದಿ ಹೋಗಬೇಕೇ ಬೇಡವೇ ಎಂದು ಇಷ್ಟು ಉದ್ದ ಚರ್ಚಿಸುವ ನಾವು ಅದರ ಬಗ್ಗೆ ಒಂದು ಸಾಲು ಬರೆಯದಿದ್ದರೆ ಲೆಕ್ಕ ತಪ್ಪಿದಂತೆ.

ತಿಪಟೂರು ತೆಂಗು

ಚಿಂತಾಮಣಿಯವರ ಮಾತು ನಿಜ. ಆದರೆ ಒಂದು ಕಾರಣಕ್ಕಾಗಿ ನಾನು ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಗಾಜಿನ ದೋಣಿಯಲ್ಲಿ ಕೂತು ಹವಳ ಕಂಡ ಮೇಲೆಯೇ ನನಗೆ ಗ್ರೇಟ್ ನಿಕೋಬಾರಿನ ಸುದ್ದಿ ಸುದ್ದಿಯಾಗಿ ಕಂಡದ್ದು. ಅದಕ್ಕೂ ಮೊದಲು ಅದು ಪತ್ರಿಕೆಯ ಒಳಪುಟದ ಒಂದು ಕಲಂ ಆಗಿತ್ತು.

ಕೆಲಸಕ್ಕೆ ಬರುವ ಮಾತು ಒಂದೆರಡು. ದಡದಲ್ಲಿ ಸತ್ತ ಹವಳದ ಚೂರು, ಚಿಪ್ಪು ಎಷ್ಟೇ ಚೆಂದವಿದ್ದರೂ ಜೇಬಿಗೆ ಹಾಕಬೇಡಿ. ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ವಿಮಾನ ನಿಲ್ದಾಣದಲ್ಲಿ ಚೀಲ ಹುಡುಕಿ ತೆಗೆಯುತ್ತಾರೆ. ಬಾರಾಟಾಂಗ್ ಕಡೆ ಹೋಗುವ ರಸ್ತೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ಮೂಲಕ ಹಾದುಹೋಗುತ್ತದೆ. ಅವರ ಚಿತ್ರ ತೆಗೆಯುವುದು ಶಿಕ್ಷಾರ್ಹ ಅಪರಾಧ. ದಾರಿಯಲ್ಲಿ ಮನುಷ್ಯರನ್ನು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಂಥವರ ಗಾಡಿ ಹತ್ತಲೇಬೇಡಿ.

ಮಧುಗಿರಿ ಏಕಶಿಲೆ

ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಿಗೂ ಈ ಚರ್ಚೆ ಹೊಂದುತ್ತದೆ. 798 ಎಕರೆಯ ಹುಲ್ಲುಗಾವಲು, ಸುತ್ತಲೂ ಹೊಲ, ಅದೂ ದ್ವೀಪವೇ. ದಾರಿ ಬಿಟ್ಟು ಹುಲ್ಲಿನ ಮೇಲೆ ಕಾರು ಓಡಿಸಿ ಮೃಗಗಳನ್ನು ಅಟ್ಟಿಸಿಕೊಂಡು ಹೋಗುವ ಚಿತ್ರಕಾರರನ್ನು ಕಂಡಿದ್ದೇನೆ. ಅಲ್ಲಿಗೆ ನಾಲ್ಕೂ ದಿಕ್ಕಿನಿಂದ ಬಾಗಿಲು. ಮೇಷ್ಟ್ರ ಬಳಗ ಅಂಡಮಾನಿನಿಂದ ಬಂದ ಮೇಲೆ ಒಂದು ಬೆಳಿಗ್ಗೆ ಇಲ್ಲಿಗೂ ಬರಲಿ. ಕಾರು ಗೇಟಿನಲ್ಲೇ ನಿಲ್ಲಿಸಿ, ಗೋಪುರದ ಮೇಲಿನಿಂದ ನೋಡೋಣ.

ಅಮಾನಿಕೆರೆ ನಡಿಗೆಗಾರ (ತುಮಕೂರು)

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಬೆಳಿಗ್ಗೆ ನಡಿಗೆ ಮುಗಿದ ಮೇಲೆ ನಿಮ್ಮ ಉತ್ತರಗಳನ್ನು ಮುದ್ರಿಸಿ ತಂದು ಬಳಗಕ್ಕೆ ಓದಿ ಹೇಳಿದೆ. ತುಸು ಗದ್ದಲವಾಯಿತು. ಸಮುದ್ರದ ತಳದ ನಡಿಗೆಯನ್ನು ಕೈಬಿಡುವುದಕ್ಕೆ ಕೆಲವರು ಸುಲಭವಾಗಿ ಒಪ್ಪಲಿಲ್ಲ. ಮೊಮ್ಮಕ್ಕಳಿಗೆ ಚಿತ್ರ ಕಳುಹಿಸುತ್ತೇವೆಂದು ಮಾತು ಕೊಟ್ಟಿದ್ದರಂತೆ. ಕೊನೆಗೆ ಹದಿನೇಳು ಜನ ಬಿಡುವುದೆಂದು ಹೇಳಿದರು. ಉಳಿದವರು ಅಲ್ಲಿಗೆ ಹೋದಮೇಲೆ ನೋಡೋಣ ಎಂದಿದ್ದಾರೆ, ಅವರನ್ನು ಕಟ್ಟಿಹಾಕುವ ಅಧಿಕಾರ ನನಗಿಲ್ಲ.

ಜಾಲಿಬಾಯ್‌ಗೆ ಹೋಗುತ್ತೇವೆ. ಒಂದೇ ದಿನ 24 ಜನ ಹೋಗುವ ಬದಲು ಎರಡು ದಿನಗಳಲ್ಲಿ ಹನ್ನೆರಡು ಹನ್ನೆರಡು ಜನ ಹೋಗುವುದೆಂದು ನಿರ್ಧರಿಸಿದ್ದೇವೆ. ನೀರಿಗಿಳಿಯುವವರು ಈಜು ಬಲ್ಲ ಮೂವರು ಮಾತ್ರ, ಉಳಿದವರಿಗೆ ಗಾಜಿನ ದೋಣಿ. ರಾಸ್ ದ್ವೀಪದಲ್ಲಿ ಜಿಂಕೆಗೆ ಯಾರೂ ತಿನ್ನಿಸಬಾರದು ಎಂಬುದು ಮಾತ್ರ ಸರ್ವಾನುಮತದಿಂದ ಒಪ್ಪಿಗೆಯಾಯಿತು. ನಾಮದ ಚಿಲುಮೆಯ ಜಿಂಕೆ ಅಲ್ಲಿ ಹೋಗಿ ಹೀಗೆ ಮಾಡಿದೆಯೇ ಎಂದು ಎಲ್ಲರಿಗೂ ಒಂದು ಬಗೆಯ ನಾಚಿಕೆ. ಗ್ರೇಟ್ ನಿಕೋಬಾರಿನ ವಿಷಯ ಓದಿದಾಗ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ನಮ್ಮ ಹಿರಿಯರು ಅದೊಂದು ಪುಟವನ್ನು ಕೇಳಿ ಮಡಿಸಿ ಜೇಬಿಗಿಟ್ಟುಕೊಂಡರು.

ಕೊರಟಗೆರೆ ಮೇಡಂ ಹೇಳಿದ, ತಿಳಿಯದೆ ಒಯ್ಯುವುದರ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ಕೆರೆ ಏರಿಯ ಮೇಲೆ ನಡೆಯುವ ಇದೇ ಬೂಟುಗಳನ್ನು ನಾವೆಲ್ಲ ಅಂಡಮಾನಿಗೂ ಹಾಕಿಕೊಂಡು ಹೋಗುವವರು. ಇಂದು ಬೆಳಿಗ್ಗೆ ನನ್ನ ಜೋಡಿಯನ್ನು ಬಕೆಟ್ಟಿನಲ್ಲಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಲೇಸಿನ ಗಂಟಿನಲ್ಲಿ ಆರು ಉತ್ತರಾಣಿ ಬೀಜ, ಅಡಿಯ ಗೆರೆಗಳ ಕೆಸರಿನಲ್ಲಿ ಕಾಂಗ್ರೆಸ್ ಗಿಡದ ಒಣಗಿದ ಹೂವಿನ ಪುಡಿ. ಭೂತಗಾಜು ಹಿಡಿದು ನೋಡಿದಾಗ ಅದರಲ್ಲಿ ಕಪ್ಪು ಬೀಜಗಳೂ ಕಂಡವು. ಅವನ್ನೆಲ್ಲ ಒಂದು ಕಾಗದದ ಮೇಲೆ ಹರಡಿಟ್ಟಿದ್ದೇನೆ, ನಾಳೆ ಬಳಗಕ್ಕೆ ತೋರಿಸಬೇಕು. ಇನ್ನೂ 23 ಜೊತೆ ಬೂಟುಗಳಿವೆ.